ಹೊಟ್ಟಿಗೆ ಮುನ್ನೂರು ರೂಪಾಯಿ

ಮೊನ್ನೆ ಊರಿಂದ ನಮ್ಮತ್ತೆ ಬಂದಿದ್ದರು. ಅಪ್ಪನ ಅಕ್ಕ. ಮಂಡ್ಯ ಕಡೆಯ ಹಳ್ಳಿಯವರು, ವಯಸ್ಸು ಎಂಬತ್ತರ ಹತ್ತಿರ, ಕಣ್ಣು ಮಾತ್ರ ಇನ್ನೂ ಚುರುಕು. ಅಡುಗೆಮನೆ ಕಟ್ಟೆ ಮೇಲಿದ್ದ ಡಬ್ಬಿ ಎತ್ತಿ, ಮುಚ್ಚಳ ತೆಗೆದು, ಒಂದು ಚಿಟಿಕೆ ಅಂಗೈಗೆ ಹಾಕ್ಕೊಂಡು ಉಜ್ಜಿ ನೋಡಿದರು.

"ಇದೇನ್ಲಾ ಮಗ, ಹೊಟ್ಟು ಇದ್ದಂಗದೆ?"

"ಹೊಟ್ಟೇ ಅತ್ತೆ. ಇಸಬ್‌ಗೋಲು ಅಂತ. ರಾತ್ರಿ ನೀರಿಗೆ ಹಾಕ್ಕೊಂಡು ಕುಡಿದ್ರೆ ಬೆಳಗ್ಗೆ ಸಲೀಸಾಗುತ್ತೆ."

"ದುಡ್ಡು ಕೊಟ್ ತಂದ್ಯಾ?"

"ಮುನ್ನೂರು ಚಿಲ್ಲರೆ."

ಅತ್ತೆ ಡಬ್ಬಿಯನ್ನು ಕಟ್ಟೆ ಮೇಲಿಟ್ಟರು. "ಮುನ್ನೂರು ರೂಪಾಯ್ಗೆ ಹೊಟ್ಟಾ? ಊರಲ್ಲಿ ಯಾರ್ಗೂ ಹೇಳ್‌ಬ್ಯಾಡ ಕಣಪ್ಪ. ನಮ್ಮನೆ ಹಸ ಕೇಳುಸ್ಕಂಡ್ರೂ ನಗ್ತದೆ."

ನಾನೂ ನಕ್ಕೆ. ಆದರೆ ಮಲಗಿದ ಮೇಲೆ ಆ ನಗು ಯಾಕೋ ಚುಚ್ಚೋಕೆ ಶುರುವಾಯ್ತು. ಮುದುಕಿ ಹೇಳಿದ್ದರಲ್ಲಿ ತಪ್ಪೇನಿದೆ? ಅಕ್ಕಿಯಿಂದ ತೌಡು ತೆಗೆಸ್ತೀವಿ, ಗೋಧಿಯಿಂದ ಬೂಸಾ ತೆಗೆಸ್ತೀವಿ, ಕಾಳಿಂದ ಸಿಪ್ಪೆ ತೆಗೆಸ್ತೀವಿ. ಅದನ್ನೆಲ್ಲ ದನಕ್ಕೆ ಹಾಕಿ, ಆಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ಬೇರೊಂದು ಹೊಟ್ಟನ್ನು ದುಡ್ಡು ಕೊಟ್ಟು ತರ್ತೀವಿ. ಇದಕ್ಕೆ ಆರೋಗ್ಯ ಪ್ರಜ್ಞೆ ಅಂತ ಹೆಸರು ಬೇರೆ.

ಇವತ್ತು ಎಲ್ಲಿ ನೋಡಿದರೂ ಒಂದೇ ಉಪದೇಶ. "ನಾರಿನಂಶ ಹೆಚ್ಚು ತಿನ್ನಿ." ಉಪದೇಶ ಸರಿಯಾಗಿಯೇ ಇದೆ. ನನ್ನ ತಕರಾರು ಅದರೊಳಗಿನ 'ಹೆಚ್ಚು' ಅನ್ನೋ ಪದದ ಮೇಲೆ. ನಾರು ಅಂದರೆ ಊಟಕ್ಕೆ ಹೊರಗಿನಿಂದ ಸೇರಿಸಬೇಕಾದ ಏನೋ ಒಂದು ಔಷಧಿ ಅನ್ನೋ ಭಾವನೆ ಅದರಿಂದ ಹುಟ್ಟುತ್ತೆ. ಅಲ್ಲ ಸ್ವಾಮಿ, ಅದು ಊಟದಲ್ಲೇ ಇತ್ತು. ತೆಗೆದವರು ನಾವು. ಮೊದಲು ತೆಗೆಯೋದು ನಿಲ್ಲಿಸಿ, ಸೇರಿಸೋ ಮಾತು ಆಮೇಲೆ ಆಡೋಣ.

ಲೆಕ್ಕ ಬೇಕಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪೋಷಕಾಂಶಗಳ ಪಟ್ಟಿ ಪ್ರಕಟಿಸಿತು. ಅದರ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಜೋಳದಲ್ಲಿ 10, ಇಡೀ ಗೋಧಿಯ ಹಿಟ್ಟಿನಲ್ಲಿ 11. ಪಾಲಿಶ್ ಮಾಡಿದ ಬಿಳಿ ಅಕ್ಕಿಗೆ ಬನ್ನಿ, 3 ಗ್ರಾಂ ಕೂಡ ಇಲ್ಲ. ಮೈದಾದ್ದೂ ಅದೇ ಕತೆ. ಇಡೀ ಹೆಸರುಕಾಳಿನಲ್ಲಿ 17 ಗ್ರಾಂ, ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ 9. ಕಡಲೆಕಾಳಿನಲ್ಲಿ 25, ಕಡಲೆಬೇಳೆಯಲ್ಲಿ 15. ಕಾಳನ್ನು ಬೇಳೆ ಮಾಡುವ ಗಿರಣಿಯಲ್ಲಿ ನಾರಿನ ದೊಡ್ಡ ಪಾಲು ಉದುರಿಹೋಗುತ್ತೆ.

ಈಗ ನಮ್ಮ ಪೇಟೆ ಊಟ ನೋಡಿ. ದಿನಕ್ಕೆ 300 ಗ್ರಾಂ ಬಿಳಿ ಅಕ್ಕಿ, ಇಡ್ಲಿಯೋ ಪುಳಿಯೋಗರೆಯೋ ಅನ್ನವೋ ಒಟ್ಟಾಗಿ. 50 ಗ್ರಾಂ ತೊಗರಿಬೇಳೆ. ಪಲ್ಯ, ಹುಳಿಯಲ್ಲಿ ಒಂದು ಹಿಡಿ ತರಕಾರಿ. ಕೂಡಿಸಿದರೆ 16 ಗ್ರಾಂ ನಾರು. ಚಟ್ನಿಯ ಕಾಯಿ ಸೇರಿಸಿದರೂ 20 ಮುಟ್ಟೋದು ಕಷ್ಟ. ಇನ್ನೊಂದು ಊಟ: ಅಕ್ಕಿ ಅರ್ಧಕ್ಕೆ ಇಳಿಸಿ, 150 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ರೊಟ್ಟಿ, ಬೇಳೆ ಬದಲು 50 ಗ್ರಾಂ ಹೆಸರುಕಾಳು, ಒಂದಿಷ್ಟು ಸೊಪ್ಪು, ಸಂಜೆಗೆ ಒಂದು ಸೀಬೆಹಣ್ಣು. ಇದು 40ರ ಆಸುಪಾಸಿಗೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅಂತ ಹೇಳಿತು. ಹೇಳುವಾಗ ಒಂದು ಮಾತು ಸೇರಿಸಿತು: ಆಹಾರದಲ್ಲಿ ಸಹಜವಾಗಿಯೇ ಇರುವ ನಾರು. ಡಬ್ಬಿಯವರು ಆ ಮಾತನ್ನು ಮಾತ್ರ ಎಲ್ಲೂ ಅಚ್ಚು ಹಾಕಿಸಲ್ಲ.

ನಾರು ಮಾಡೋ ಕೆಲಸ ಬರೀ ಬೆಳಗಿನ ಸಲೀಸು ಅಂದ್ಕೊಂಡಿದ್ದರೆ ಅದೂ ಅರ್ಧ ಸತ್ಯ. ನಮ್ಮ ಸಣ್ಣ ಕರುಳಿಗೆ ನಾರನ್ನು ಜೀರ್ಣಿಸೋಕೆ ಬರಲ್ಲ. ಅದು ಹಾಗೇ ಮುಂದಕ್ಕೆ ಹೋಗುತ್ತೆ. ಹೋಗ್ತಾ ಒಂದು ಬಗೆಯ ನಾರು ನೀರು ಹೀರಿ ಲೋಳೆಯಾಗಿ, ಸಕ್ಕರೆ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗದಂತೆ ನಿಧಾನ ಮಾಡುತ್ತೆ. ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತೆ. ಆಗ ಯಕೃತ್ತು ಹೊಸ ಪಿತ್ತ ತಯಾರಿಸೋಕೆ ರಕ್ತದ ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತೆ. ಇನ್ನೊಂದು ಬಗೆಯದು ಮಲಕ್ಕೆ ಗಾತ್ರ ಕೊಟ್ಟು ಬೇಗ ಸಾಗಿಸುತ್ತೆ. ದೊಡ್ಡ ಕರುಳಲ್ಲಿ ಕಾದು ಕೂತಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಈ ನಾರೇ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳು ಮುಖ್ಯವಾಗಿ ಬದುಕೋದು ಆ ಬ್ಯುಟಿರೇಟ್ ಮೇಲೆ. ಅಂದರೆ ನಾವು ನಾರು ಬಿಟ್ಟಾಗ ಉಪವಾಸ ಬೀಳೋದು ನಮ್ಮದೇ ಕರುಳು.

ಇದನ್ನು ಮೊದಲು ಜೋರಾಗಿ ಹೇಳಿದವರಲ್ಲಿ ಒಬ್ಬರು ಡೆನಿಸ್ ಬರ್ಕಿಟ್ ಅನ್ನೋ ಐರಿಷ್ ಶಸ್ತ್ರವೈದ್ಯ. ಉಗಾಂಡಾದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಇಂಗ್ಲೆಂಡಿನಲ್ಲಿ ದಿನಬೆಳಗಾದರೆ ಕಾಣುವ ಕರುಳಿನ ಕಾಯಿಲೆಗಳು ಆಫ್ರಿಕಾದ ಹಳ್ಳಿಗಳಲ್ಲಿ ಯಾಕೆ ಇಷ್ಟು ಅಪರೂಪ ಅನ್ನೋ ಪ್ರಶ್ನೆ ಹಿಡಿದು ಹೊರಟರು. 1972ರಲ್ಲಿ ಜೊತೆಗಾರರೊಂದಿಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ತಿಂದದ್ದು ಹೊರಬರೋಕೆ ಉಗಾಂಡಾದ ಹಳ್ಳಿಗರಲ್ಲಿ ಸುಮಾರು ಒಂದೂವರೆ ದಿನ, ಬ್ರಿಟಿಷ್ ನೌಕಾದಳದವರಲ್ಲಿ ಮೂರು ದಿನಕ್ಕೂ ಜಾಸ್ತಿ. ಅವರು ಹೇಳಿದ್ದೆಲ್ಲ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ, ನಿಜ. ಆದರೆ ಮೂಲ ಮಾತು ನಿಂತಿತು. 2019ರಲ್ಲಿ ಅದೇ ಪತ್ರಿಕೆಯಲ್ಲಿ 185 ದೀರ್ಘಕಾಲದ ಅಧ್ಯಯನ, 58 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ತೀರಾ ಕಡಿಮೆ ನಾರು ತಿನ್ನೋರಿಗೆ ಹೋಲಿಸಿದರೆ ಹೆಚ್ಚು ತಿನ್ನೋರಲ್ಲಿ ಸಾವು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಎಲ್ಲವೂ ಶೇ. 15ರಿಂದ 30ರಷ್ಟು ಕಡಿಮೆ.

ಇಷ್ಟು ಗೊತ್ತಿದ್ದೂ ನಾವು ತೌಡು ಬೂಸಾ ಯಾಕೆ ತೆಗೆದೆವು? ರುಚಿಗೆ, ಬೇಗ ಬೇಯಲಿ ಅಂತ, ಕೆಡದೆ ಬಾಳಿಕೆ ಬರಲಿ ಅಂತ. ಎಲ್ಲ ಸರಿ. ಇನ್ನೊಂದು ಕಾರಣ ಉಂಟು, ಅದನ್ನು ಬಾಯಿಬಿಟ್ಟು ಹೇಳಲ್ಲ. ಮರ್ಯಾದೆ. ಬಿಳಿ ಅನ್ನ ಉಣ್ಣೋನು ದೊಡ್ಡ ಮನುಷ್ಯ, ಕಪ್ಪು ಮುದ್ದೆ ನುಂಗೋನು ಗಮಾರ. ಇದು ಇವತ್ತಿನ ಜಗಳ ಅಲ್ಲ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ರಾಗಿಯನ್ನು ಎದುರುಬದುರು ನಿಲ್ಲಿಸಿ ಜಗಳ ಆಡಿಸಿದ್ದು ಇದೇ ಮೇಲುಕೀಳಿನ ಬಗ್ಗೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಗಟ್ಟಿಯಾಗಿ ಉಳಿದದ್ದು ರಾಗಿ. ಶ್ರೀರಾಮ ತೀರ್ಪು ಕೊಟ್ಟು ಶತಮಾನಗಳಾದವು. ನಮ್ಮ ಮದುವೆಮನೆಗಳಲ್ಲಿ ತೀರ್ಪು ಇನ್ನೂ ಜಾರಿಗೆ ಬಂದಿಲ್ಲ.

ಬೂಸಾ ಅನ್ನೋ ಪದವನ್ನೇ ನೋಡಿ. ನಮ್ಮಲ್ಲಿ ಅದು ಬೈಗುಳ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿರೋದು ಬೂಸಾ ಅಂದದ್ದಕ್ಕೆ ರಾಜ್ಯ ಹೊತ್ತಿ ಉರಿದು, ಅವರ ಕುರ್ಚಿಯೂ ಹೋಯಿತು. ಆ ವಿವಾದದ ಒಳಸುಳಿಗಳು ಬೇರೆ, ಅದನ್ನಿಲ್ಲಿ ಬಿಡೋಣ. ಆದರೆ ಬೂಸಾ ಅಂದರೆ ಸತ್ವವಿಲ್ಲದ್ದು ಅನ್ನೋದರಲ್ಲಿ ಮಾತ್ರ ಎರಡೂ ಪಕ್ಷಕ್ಕೆ ಅನುಮಾನ ಇರಲಿಲ್ಲ.

ನಮ್ಮಪ್ಪನ ವಿಷಯ ಹೇಳ್ತೀನಿ. ಮುದ್ದೆ ತಿಂದು ಬೆಳೆದ ಹುಡುಗ, ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಪೇಟೆ ಸೇರಿದ. ಡಬ್ಬಿಯಲ್ಲಿ ಒಂದು ದಿನ ರಾಗಿರೊಟ್ಟಿ ತಗೊಂಡು ಹೋಗಿದ್ದಕ್ಕೆ ಜೊತೆಯವರು ಏನೋ ಅಂದರಂತೆ. ಏನಂದರು ಅಂತ ಅವರು ಯಾವತ್ತೂ ಹೇಳಲಿಲ್ಲ. ಅಲ್ಲಿಂದ ಮೂವತ್ತು ವರ್ಷ ಚಿತ್ರಾನ್ನ, ಮೊಸರನ್ನ. ಮನೆಯಲ್ಲೂ ಮುದ್ದೆ ಭಾನುವಾರಕ್ಕೆ ಮಾತ್ರ, ಅದೂ ನೆಂಟರು ಯಾರೂ ಇಲ್ಲದಿದ್ದರೆ. ಆಮೇಲೆ ಮಲಬದ್ಧತೆ ಬಂತು, ಅದಕ್ಕೆ ಪುಡಿ ಬಂತು. ಒಂದು ಹಂತದಲ್ಲಿ ರಕ್ತ ಬೀಳೋಕೆ ಶುರುವಾಯ್ತು. ಮೂಲವ್ಯಾಧಿ ಅಂತ ತಾವೇ ತೀರ್ಮಾನ ಮಾಡ್ಕೊಂಡು ಪುಡಿಯನ್ನು ಎರಡು ಚಮಚಕ್ಕೆ ಏರಿಸಿದರು. ನಮಗೆ ಯಾರಿಗೂ ಹೇಳಲಿಲ್ಲ. ನಾಚಿಕೆ. ಗೊತ್ತಾಗೋ ಹೊತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರು ಯಕೃತ್ತಿಗೆ ಹೋಗಿತ್ತು.

ಮುದ್ದೆ ತಿಂದಿದ್ದರೆ ಅಪ್ಪ ಬದುಕಿರುತ್ತಿದ್ದರು ಅಂತ ನಾನು ಹೇಳಲ್ಲ. ಸಾವಿರಾರು ಜನರ ಲೆಕ್ಕವನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟೋಕೆ ಬರಲ್ಲ. ಹೊಟ್ಟೆತುಂಬ ಸೊಪ್ಪು ತಿಂದವರಿಗೂ ಕ್ಯಾನ್ಸರ್ ಬಂದಿದೆ. ನಾನು ಹೇಳೋದು ಇಷ್ಟೇ. ಅವರ ತಟ್ಟೆಯಿಂದ ರಾಗಿಯನ್ನು ತೆಗೆದದ್ದೂ ನಾಚಿಕೆ, ರಕ್ತದ ವಿಷಯ ಬಚ್ಚಿಟ್ಟದ್ದೂ ನಾಚಿಕೆ. ಡಬ್ಬಿ ವ್ಯಾಪಾರ ನಿಂತಿರೋದು ಈ ಎರಡು ನಾಚಿಕೆಗಳ ಮೇಲೆ. ಮಲದಲ್ಲಿ ರಕ್ತ ಕಂಡರೆ ದಯವಿಟ್ಟು ಪುಡಿ ಕಲಸಿ ಕುಡೀಬೇಡಿ, ಡಾಕ್ಟರ ಹತ್ತಿರ ಹೋಗಿ.

ಈಗ ಅಂಗಡಿಗೆ ಬರೋಣ. 2018ರ ನಿಯಮದ ಪ್ರಕಾರ ನೂರು ಗ್ರಾಂ ಗಟ್ಟಿ ಆಹಾರದಲ್ಲಿ 3 ಗ್ರಾಂ ನಾರಿದ್ದರೆ 'ನಾರಿನ ಮೂಲ' ಅಂತ, 6 ಗ್ರಾಂ ಇದ್ದರೆ 'ನಾರು ಸಮೃದ್ಧ' ಅಂತ ಪೊಟ್ಟಣದ ಮೇಲೆ ಹಾಕಿಕೊಳ್ಳಬಹುದು. ನಮ್ಮ ಬಡ ರಾಗಿಯಲ್ಲಿ ಈ ಗಡಿಯ ಹತ್ತಿರ ಹತ್ತಿರ ಎರಡರಷ್ಟಿದೆ. ಆದರೆ ಗೋಣಿಚೀಲದಲ್ಲಿ ಕೂತ ರಾಗಿಗೆ ಬೋರ್ಡು ಬರೆಸೋರು ಯಾರು? ಆರು ಗ್ರಾಮಿನ ಬಿಸ್ಕತ್ತಿಗೆ ಸಿನಿಮಾ ನಟಿ ಬರ್ತಾಳೆ. ಇನ್ನೂ ಒಂದು ವಿಷಯ ನೋಡಿ. ಪೊಟ್ಟಣದ ಹಿಂದಿನ ಕೋಷ್ಟಕದಲ್ಲಿ ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟಿದೆ ಅಂತ ಕಡ್ಡಾಯವಾಗಿ ಹೇಳಬೇಕು. ನಾರು ಎಷ್ಟಿದೆ ಅಂತ ಹೇಳೋದು ಕಡ್ಡಾಯ ಅಲ್ಲ. ಇದ್ದೋನು ಕೂಗ್ತಾನೆ, ಇಲ್ಲದೋನು ಸುಮ್ಮನಿರ್ತಾನೆ. ಮೈದಾ ಬ್ರೆಡ್ಡಿನ ಮೇಲೆ 'ಇದರಲ್ಲಿ ನಾರು ಇಲ್ಲ' ಅಂತ ಬರೆದದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ?

'ರಾಗಿ ಬಿಸ್ಕತ್ತು' ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಪ್ರಕಾರ ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆದಿರ್ತಾರೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ರಾಗಿ ಎಲ್ಲೋ ಬಾಲದಲ್ಲಿ ಇದ್ದರೆ ನೀವು ತಂದದ್ದು ರಾಗಿಯ ಹೆಸರನ್ನು ಮಾತ್ರ. ಸಿರಿಧಾನ್ಯದ ಕತೆಯೂ ಬೇರೆ ಇಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು, ಮೇಳ ಆಯಿತು, ಫೋಟೋ ಆಯಿತು. ಅಂಗಡಿಯಲ್ಲಿ ಸಿಕ್ಕಿದ್ದೇನು? ಅಕ್ಕಿ ಥರ ಬೆಳ್ಳಗೆ ಪಾಲಿಶ್ ಮಾಡಿದ ನವಣೆ, ಸಾಮೆ. ಹೊರಗಿನ ಒಣ ಸಿಪ್ಪೆ ತೆಗೆಯಲೇಬೇಕು, ಸರಿ. ಅದರ ಒಳಗಿನ ತೌಡಿನ ಪದರವನ್ನೂ ಉಜ್ಜಿ ತೆಗೆದ ಮೇಲೆ ಅದಕ್ಕೆ ಅಷ್ಟು ಬೆಲೆ ಯಾಕೆ ಕೊಡಬೇಕು?

ಇಷ್ಟು ಓದಿದ ಮೇಲೆ ಕೆಲವರು ಎದ್ದು ನಿಲ್ತಾರೆ ಅಂತ ಗೊತ್ತು. ಒಬ್ಬೊಬ್ಬರಿಗೇ ಉತ್ತರ ಹೇಳ್ತೀನಿ.

ಇಸಬ್‌ಗೋಲು ಕೆಲಸ ಮಾಡಲ್ವಾ? ಮಾಡುತ್ತೆ. ಮಲಬದ್ಧತೆಗೆ, ಕೊಲೆಸ್ಟ್ರಾಲಿಗೆ ಅದರ ಉಪಯೋಗ ಪರೀಕ್ಷೆಯಲ್ಲಿ ಸಾಬೀತಾಗಿದೆ. ಡಾಕ್ಟರು ಹೇಳಿದ್ದರೆ ಬಿಡಬೇಡಿ, ಸಾಕಷ್ಟು ನೀರಿನ ಜೊತೆ ತಗೊಳ್ಳಿ. ಆದರೆ ಒಂದು ದೊಡ್ಡ ಚಮಚಕ್ಕೆ ಸಿಗೋದು ನಾಲ್ಕು ಗ್ರಾಂ ಆಸುಪಾಸಿನ ನಾರು. ಸೀಬೆಹಣ್ಣಲ್ಲಿ ಅದರ ಎರಡರಷ್ಟಿದೆ, ಜೊತೆಗೆ ವಿಟಮಿನ್ ಸಿ ಬಿಟ್ಟಿ.

ರಾಗಿ ತಿಂದರೆ ಶುಗರ್ ಬರಲ್ಲ ಅಂತೀರಾ? ಅನ್ನಲ್ಲ. ರಾಗಿಯೂ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿ, ವಸ್ತ್ರಗಾಳಿತ ಮಾಡಿ, ಗಂಜಿ ಕಾಯಿಸಿ ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಏರೇ ಏರುತ್ತೆ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ ಎಸಿ ರೂಮಲ್ಲಿ ಕೂತರೂ ಏರುತ್ತೆ. ಮುದ್ದೆಯ ಜೊತೆ ಬಸ್ಸಾರಿನ ಸೊಪ್ಪು, ಮೊಳಕೆ ಹುರುಳಿಯೂ ತಟ್ಟೆಯಲ್ಲಿತ್ತು ಅನ್ನೋದನ್ನು ಮರೀಬೇಡಿ.

ಗ್ಯಾಸ್ ಆಗುತ್ತೆ! ಆಗುತ್ತೆ. ಇಪ್ಪತ್ತು ವರ್ಷ ಮೈದಾ ತಿಂದ ಹೊಟ್ಟೆಗೆ ಒಂದೇ ದಿನ ಮೂರು ಬಟ್ಟಲು ಕಾಳು ಸುರಿದರೆ ಅದು ಸುಮ್ಮನಿರಲ್ಲ. ವಾರಕ್ಕಿಷ್ಟು ಅಂತ ಏರಿಸಿ, ನೀರು ಕುಡಿಯಿರಿ, ಕಾಳು ನೆನೆಸಿ ಬೇಯಿಸಿ. ಕರುಳಿನ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಬದಲಾಯಿಸಿ.

ಹಿದಕಬೇಳೆ? ಅದರ ಸುದ್ದಿಗೆ ನಾನು ಹೋಗಲ್ಲ. ಅವರೆಕಾಯಿ ಕಾಲದಲ್ಲಿ ಕಾಳಿನ ಸಿಪ್ಪೆ ತೆಗೀಬೇಡಿ ಅಂದರೆ ನಮ್ಮ ಮನೆಯಲ್ಲೇ ನನ್ನನ್ನು ಹೊರಗೆ ಹಾಕ್ತಾರೆ.

ನಾಲ್ಕನೇ ತಕರಾರಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಅದನ್ನು ಎತ್ತಿದ್ದು ನನ್ನ ಹೆಂಡತಿ. "ಸೊಪ್ಪು ಸೋಸೋರು ಯಾರು?" ಅಂದಳು. ನಾರಿನ ಬಗ್ಗೆ ಭಾಷಣ ಬಿಗಿಯುವ ಗಂಡಸರೆಲ್ಲ ಈ ಪ್ರಶ್ನೆ ಎದುರು ತಲೆ ತಗ್ಗಿಸಬೇಕು. ಸೊಪ್ಪು ಬಿಡಿಸಿ ಮೂರು ನೀರಲ್ಲಿ ತೊಳೆಯೋದು, ಕಾಳು ನೆನೆಸಿ ಮೊಳಕೆ ಕಟ್ಟೋದು, ಮುದ್ದೆ ತೊಳೆಸೋದು ಎಲ್ಲ ಹೆಂಗಸರ ಮೈಮುರಿತದ ಮೇಲೆ ನಡೆದದ್ದು. ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರೋಳಿಗೆ ಅನ್ನ, ಬೇಳೆಸಾರು ಅನ್ನೋದು ಸೋಮಾರಿತನವಲ್ಲ, ಬದುಕೋ ದಾರಿ. ಹಾಗಾಗಿ ನಮ್ಮಮ್ಮನ ಕಾಲದ ಅಡುಗೆ ವಾಪಸ್ ಬರಲಿ ಅಂತ ಬರೆಯೋರು ಮೊದಲು ತಾವು ಚಾಕು ಹಿಡೀಲಿ. ನಮ್ಮನೆಯಲ್ಲಿ ಈಗ ಸೊಪ್ಪಿನ ಖಾತೆ ನನ್ನದು. ದಂಟಿನ ಸೊಪ್ಪು ಬಿಡಿಸೋಕೆ ಇಪ್ಪತ್ತು ನಿಮಿಷ ಹಿಡಿಯುತ್ತೆ ಅನ್ನೋದು ನಲವತ್ತೈದು ವರ್ಷ ಸೊಪ್ಪು ತಿಂದ ನನಗೆ ಕಳೆದ ತಿಂಗಳು ಗೊತ್ತಾಯಿತು.

ಮನೆಯಲ್ಲಿ ಆಗೋದನ್ನು ಮನೆಯಲ್ಲಿ ಮಾಡೋಣ. ಉಳಿದದ್ದು ಸರ್ಕಾರದ ಕೆಲಸ. 2013ರಲ್ಲಿ ಅನ್ನಭಾಗ್ಯ ಬಂದಾಗ ಅದನ್ನು ಆಡಿಕೊಂಡವರ ಸಾಲಿನಲ್ಲಿ ನಾನಿರಲಿಲ್ಲ, ಈಗಲೂ ಇಲ್ಲ. ಹಸಿದವನಿಗೆ ಮೊದಲು ಅನ್ನ, ನಾರಿನ ಮಾತು ಆಮೇಲೆ. ಆದರೆ ರಾಗಿ ಅತಿ ಹೆಚ್ಚು ಬೆಳೆಯೋ ರಾಜ್ಯ ನಮ್ಮದು. ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಪಡಿತರದಲ್ಲಿ ಕೊಡುವ ಪದ್ಧತಿಯೂ ಇದೆ. ಅದು ಅಕ್ಕಿಯ ಬಾಲ ಹಿಡ್ಕೊಂಡು ಬರೋ ಬದಲು ಅಕ್ಕಿಯ ಸಮಕ್ಕೆ ಕೂರಲಿ. ಶಾಲೆಯ ಬಿಸಿಯೂಟದಲ್ಲಿ, ಹಾಸ್ಟೆಲುಗಳಲ್ಲಿ ವಾರಕ್ಕೆ ಮೂರು ದಿನ ಇಡೀ ಕಾಳಿನ ಸಾರು ಆಗಲಿ. ಪೊಟ್ಟಣದ ಮೇಲೆ ಸಕ್ಕರೆಯ ಪಕ್ಕದಲ್ಲೇ ನಾರು ಎಷ್ಟು ಅಂತ ಕಡ್ಡಾಯವಾಗಿ ಬರಲಿ, ಸೊನ್ನೆ ಆದರೆ ಸೊನ್ನೆ ಅಂತಲೇ ಬರಲಿ. ಇದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ.

ಅತ್ತೆ ಹೊರಡೋ ಹಿಂದಿನ ರಾತ್ರಿ ತಾವೇ ಮುದ್ದೆ ಮಾಡಿದರು. ನಾನು ಬಿಡಿಸಿದ ಸೊಪ್ಪಿನ ಬಸ್ಸಾರು. ಉಣ್ತಾ ಇರುವಾಗ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿದರು.

"ನಿಮ್ಮಪ್ಪ ಊರಿಗ್ ಬಂದ್ರೆ ಎಲ್ಡು ಮುದ್ದೆ ಉಣ್ಣೋನು ಕಣ್ಲಾ. ಬಾಕ್ಲು ಹಾಕ್ಕಂಡು."

"ಬಾಗಿಲು ಯಾಕತ್ತೆ?"

"ಯಾರಾರ ನೋಡಾರು ಅಂತ."

ಬೆಳಗ್ಗೆ ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಡಬ್ಬಿಯಲ್ಲಿ ಇನ್ನೂ ಅರ್ಧ ಪುಡಿ ಇದೆ. ದುಡ್ಡು ಕೊಟ್ಟು ತಂದಿದ್ದು, ಬಿಸಾಕಲ್ಲ, ಮುಗಿಸ್ತೀನಿ. ಮತ್ತೆ ತರಲ್ಲ. ಇವತ್ತು ಆಫೀಸಿಗೆ ರಾಗಿರೊಟ್ಟಿ, ಹುರುಳಿ ಪಲ್ಯ ತಗೊಂಡು ಹೋಗಿದ್ದೆ. ಎಲ್ಲರ ಜೊತೆ ಕೂತು, ಡಬ್ಬಿಯ ಮುಚ್ಚಳ ಪೂರ್ತಿ ತೆಗೆದಿಟ್ಟು ತಿಂದೆ. ಪಕ್ಕದಲ್ಲಿದ್ದೋನು ಒಂದು ತುಂಡು ಕೇಳಿ ಇಸ್ಕೊಂಡ.